ಏಳು ಕೊಂಡಿಯ ತಟ್ಟೆ

ಮರ್ಗಿಲಾನ್ ಪಟ್ಟಣದ ರೇಷ್ಮೆ ಗಿರಣಿಯಲ್ಲಿ ನೂಲಿಗೆ ಬಣ್ಣ ಅದ್ದುವ ನೋರ್ಮತ್‌ನ ಮನೆಯಲ್ಲಿ, ಅರಫಾ ದಿನ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ, ತಟ್ಟೆಗಳು ಮುಗಿದುಹೋದವು. ಪಲಾವ್ ಮುಗಿದಿರಲಿಲ್ಲ. ಅದು ಒಲೆಯ ಮೇಲಿನ ಹಂಡೆಯಲ್ಲಿ ಒಬ್ಬರಿಗೆ ಧಾರಾಳವಾಗುವಷ್ಟು ಉಳಿದು ಹಬೆಯಾಡುತ್ತಿತ್ತು. ಅದನ್ನು ಹಾಕಿ ಕಳಿಸಲು ಮನೆಯಲ್ಲಿ ಒಂದು ತಟ್ಟೆಯೂ ಇರಲಿಲ್ಲ.

ಕುರ್ಬಾನ್ ಹಬ್ಬದ ಮುನ್ನಾದಿನವಾದ ಅರಫಾದಂದು ಆ ಮೊಹಲ್ಲಾದ ಪ್ರತಿ ಮನೆಯಲ್ಲೂ ಪಲಾವ್ ಬೇಯುತ್ತದೆ. ಪ್ರತಿ ಮನೆಯವರೂ ಅದನ್ನು ಬೇರೆ ಮನೆಗಳಿಗೆ ಕಳಿಸುತ್ತಾರೆ. ಸಂಜೆಯ ಹೊತ್ತಿಗೆ ಎಲ್ಲರೂ ಎಲ್ಲರ ಪಲಾವನ್ನೂ ತಿಂದು, ತಮ್ಮ ಮನೆಯದನ್ನು ಮಾತ್ರ ತಿನ್ನದೆ ಉಳಿದಿರುತ್ತಾರೆ. ಈ ವ್ಯವಹಾರಕ್ಕೆ ಎರಡು ಕಟ್ಟಳೆಗಳಿದ್ದವು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಕೊಟ್ಟ ತಟ್ಟೆಯನ್ನು ಬಾಯಿಬಿಟ್ಟು ಕೇಳಬಾರದು. ತಟ್ಟೆ ಕೇಳಿದರೆ, ಅದರ ಮೇಲೆ ಬರಬೇಕಾದ ತಿನಿಸನ್ನೇ ಕೇಳಿದ ಹಾಗೆ. ಮೊದಲನೆಯದನ್ನು ಮುರಿದವನು ಜಿಪುಣ, ಎರಡನೆಯದನ್ನು ಮುರಿದವನು ಹಸಿದವನು. ಆ ಬೀದಿಯಲ್ಲಿ ಈ ಎರಡು ಹೆಸರಿಗಿಂತ ಕಳ್ಳನೆಂಬ ಹೆಸರೇ ಎಷ್ಟೋ ಮೇಲಾಗಿತ್ತು.

"ರೀ, ಗುಲ್‌ಚೆಹ್ರಾ ಆಪಾ ಮನೆಗೆ ಇನ್ನೂ ಕಳಿಸಿಲ್ಲ ಕಣ್ರೀ!" ಎಂದು ಅಡುಗೆಮನೆಯಿಂದ ಹೆಂಡತಿ ಜುಮ್ರದ್ ಕೂಗಿದಳು. "ಬೆಳಗ್ಗೆ ಅವರ ತಟ್ಟೆ ಬಂದಿತ್ತಲ್ಲ, ಅದರಲ್ಲೇ ಹಾಕಿ ಕೊಡಬೇಕಿತ್ತು. ನೀವು ಅದನ್ನ ಎತ್ಕೊಂಡು ಹೋಗಿ ಮಸೀದಿ ಕಾವಲುಗಾರರಿಗೆ ಕೊಟ್ಟು ಬಂದ್ರಿ."

"ಯಾವುದಾದ್ರೂ ತಟ್ಟೆ ತಗೊಳ್ಳಿ ಅಂದವಳು ನೀನೇ ಅಲ್ವಾ?"

"ಅಂದೆ. ಕಣ್ಣು ಮುಚ್ಕೊಂಡು ತಗೊಳ್ಳಿ ಅಂದ್ನಾ? ಈಗ ಹುಡುಕಿ ಯಾವುದಾದ್ರೂ, ಪಲಾವ್ ತಣ್ಣಗಾಗ್ತಿದೆ."

ನೋರ್ಮತ್ ನಲವತ್ತೈದು ವರ್ಷದ, ಹೆಂಡತಿಯ ಮಾತನ್ನು ಅಕ್ಷರಶಃ ಪಾಲಿಸಿ ಕೆಟ್ಟವನು. ಇಪ್ಪತ್ತು ವರ್ಷ ನೀಲಿ ತೊಟ್ಟಿಯಲ್ಲಿ ಅದ್ದಿದ ಅವನ ಕೈಗಳು ಮಣಿಕಟ್ಟಿನವರೆಗೆ ನೀಲಿಯಾಗಿದ್ದವು. ಅವನು ಯಾರ ಮನೆಗೆ ಹೋಗಿಬಂದರೂ ಬಾಗಿಲ ಮೇಲೊಂದು ನೀಲಿ ಹೆಬ್ಬೆಟ್ಟು ಸಾಕ್ಷಿ ಹೇಳುತ್ತಿತ್ತಾದ್ದರಿಂದ, ಜೀವನದಲ್ಲಿ ಒಂದು ಗುಟ್ಟನ್ನೂ ಕಾಪಾಡಿಕೊಳ್ಳುವ ಭಾಗ್ಯ ಅವನಿಗಿರಲಿಲ್ಲ. ಅಂಥವನು ತಟ್ಟೆ ಹುಡುಕುತ್ತ ಅತಿಥಿಗಳ ಕೋಣೆಗೆ ಹೋಗಿ, ಗೋಡೆಗೂಡಿನ ರೇಷ್ಮೆ ಪರದೆಯನ್ನು ಸರಿಸಿದನು.

ಅಲ್ಲಿ ತಾಯಿ ಮಸ್ತೂರಾಳ ಪ್ರಾಣವೇ ಆದ ತಟ್ಟೆ ಇತ್ತು. ಬಂಡಿಯ ಚಕ್ರದಷ್ಟು ಅಗಲ, ಮುಂಜಾವಿನ ಬಾನಿನಂಥ ನೀಲಿ, ನಡುವೆ ಒಂದು ದಾಳಿಂಬೆ. ಎಂದೋ ಎರಡು ಹೋಳಾಗಿದ್ದುದನ್ನು ಏಳು ಹಿತ್ತಾಳೆ ಕೊಂಡಿಗಳು ಹಿಡಿದು ಕೂಡಿಸಿದ್ದವು. ಬಿರುಕಿನುದ್ದಕ್ಕೂ ಒಂದು ಜರಿಹುಳು ತೆವಳುತ್ತ ನಿದ್ದೆಹೋದಂತೆ ಕಾಣುತ್ತಿತ್ತು. ಏಳನೆಯ ಕೊಂಡಿ ಮಾತ್ರ ಸೊಟ್ಟ. ಇದು ತನ್ನ ಅಜ್ಜಿಯ ಬಳುವಳಿಯೆಂದೂ, ಕಾಶ್ಗರದಿಂದ ಒಂಟೆಗಳ ಸಾಲಿನಲ್ಲಿ ಹತ್ತಿಯಲ್ಲಿ ಸುತ್ತಿ ತಂದದ್ದೆಂದೂ, ಏಳನೆಯ ಕೊಂಡಿಯನ್ನು ಒಂದು ಒಂಟೆ ತುಳಿಯಿತೆಂದೂ ಮಸ್ತೂರಾ ಹೇಳುತ್ತಿದ್ದಳು. ನೋರ್ಮತ್‌ನ ಬಾಲ್ಯದಲ್ಲಿ ಆ ಕತೆಯಲ್ಲಿ ಮೂರು ಒಂಟೆಗಳಿದ್ದವು, ಈಗ ಹನ್ನೆರಡಾಗಿದ್ದವು.

ಇಷ್ಟೆಲ್ಲ ಹೆಮ್ಮೆಯ ತಟ್ಟೆಯನ್ನು ಆಕೆ ಪರವೂರಿನವರಿಗಷ್ಟೇ ತೋರಿಸುತ್ತಿದ್ದಳು. ತನ್ನ ಬೀದಿಯವರು ಬಂದರೆ ಪರದೆ ಮುಚ್ಚುತ್ತಿತ್ತು. ಕೇಳಿದರೆ, "ಈ ಬೀದಿಯವರ ಕಣ್ಣು ನಿಂಗೆ ಗೊತ್ತಿಲ್ಲ ಕಣೋ, ಕಲ್ಲೂ ಬಿರಿಯುತ್ತೆ," ಎನ್ನುತ್ತಿದ್ದಳು.

ಆ ದಿನ ಸಂಜೆ ನಾಲ್ಕಕ್ಕೆ ಪರದೆ ತೆರೆಯಬೇಕಿತ್ತು. ನೋರ್ಮತ್‌ನ ಮಗಳನ್ನು ಕೊಕಂದದ ಒಂದು ದೊಡ್ಡ ಮನೆತನಕ್ಕೆ ಗೊತ್ತು ಮಾಡಿಯಾಗಿತ್ತು. ಬೀಗರು ಹುಡುಗಿಗೆ ಹಬ್ಬದ ಉಡುಗೊರೆ ಹೊತ್ತು ಮೊದಲ ಸಲ ಮನೆಗೆ ಬರುವವರಿದ್ದರು. ಅವರ ಮುಂದೆ ಮಸ್ತೂರಾ ಆ ತಟ್ಟೆಯ ಬಗ್ಗೆ ಆಡಿದ ಮಾತುಗಳು ಒಂದೆರಡಲ್ಲ. ಆಕೆ ಬೆಳಗ್ಗೆಯೇ ಅಲ್ತಿಯಾರಿಕ್‌ನಲ್ಲಿದ್ದ ಅಕ್ಕನನ್ನು ನೋಡಲು ಹೋಗಿದ್ದಳು, ಮೂರೂವರೆಯ ಬಸ್ಸಿಗೆ ಬರುವವಳಿದ್ದಳು.

"ಅರ್ಧ ಗಂಟೆ," ಎಂದು ನೋರ್ಮತ್ ತಟ್ಟೆಗೆ ಸಮಾಧಾನ ಹೇಳಿದನು. "ಹೋಗೋದು, ಬರೋದು."

ಪಕ್ಕದ ಮನೆಯ ಗುಲ್‌ಚೆಹ್ರಾ ಬೀದಿಗೆಲ್ಲ ಬಟ್ಟೆ ಹೊಲಿಯುವವಳು. ಅವನು ಪಲಾವ್ ಹೊತ್ತು ಹೋದಾಗ ಹೊಲಿಗೆ ಯಂತ್ರದ ಮೇಲೆ ಬಾಗಿ, ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು, ತಲೆ ಎತ್ತದೆಯೇ "ಹ್ಞೂಂ, ಹ್ಞೂಂ" ಎಂದು ಗೂಡಿನ ಕಡೆ ಕೈ ತೋರಿಸಿದಳು. ನೋರ್ಮತ್ ತಟ್ಟೆ ಇಟ್ಟು ಬಂದನು.

ಅರ್ಧ ಗಂಟೆ ಆಯಿತು. ಎರಡು ಗಂಟೆ ಆಯಿತು. ತಟ್ಟೆ ಬರಲಿಲ್ಲ, ಬಂದದ್ದು ಅತಿಥಿಗಳ ಕೋಣೆಯಿಂದ ಜುಮ್ರದ್‌ಳ ಕಿರುಚಾಟ. ಧೂಳು ಹೊಡೆಯಲೆಂದು ಆಕೆ ಪರದೆ ಸರಿಸಿದ್ದಳು.

"ಅತ್ತೆ ನನ್ನನ್ನ ಜೀವಸಹಿತ ಬಿಡಲ್ಲ ಕಣ್ರೀ! ಹೋಗಿ, ತಗೊಂಡ್ಬನ್ನಿ!"

"ಹೇಗೆ ತರಲಿ? ಕೇಳೋಹಾಗಿಲ್ವಲ್ಲ!"

"ಕೇಳ್ದೇ ತನ್ನಿ!"

ಕೇಳದೆ ಕೇಳುವ ಕಲೆಯನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತ ನೋರ್ಮತ್ ಮತ್ತೆ ಪಕ್ಕದ ಮನೆಗೆ ಹೋದನು. ಈಗ ಗುಲ್‌ಚೆಹ್ರಾಳ ಬಾಯಿಂದ ಸೂಜಿಗಳು ಹೊರಬಂದು ಮಾತಿಗೆ ಜಾಗವಾಗಿತ್ತು.

"ಬಾರಪ್ಪ ತಮ್ಮ, ಕೂತ್ಕೋ. ಏನ್ ಬಂದೆ?"

"ಸುಮ್ನೆ ಬಂದೆ ಆಪಾ."

"ಅರಫಾ ದಿನ ಸುಮ್ನೆ ಯಾರು ಬರ್ತಾರೆ?" ಆಕೆ ಅವನನ್ನು ಅಳತೆ ತೆಗೆಯುವವಳಂತೆ ಮೇಲಿಂದ ಕೆಳಗೆ ನೋಡಿದಳು.

ಅವನ ಕಣ್ಣು ಗೂಡನ್ನು, ಕಿಟಕಿಯನ್ನು, ಬಟ್ಟೆಯ ರಾಶಿಯನ್ನು ತಡಕಿ ಬರಿಗೈಯಲ್ಲಿ ಮರಳಿತು. "ಅಲ್ಲ, ನಮ್ಮ ಪಲಾವ್ ಹೇಗಿತ್ತು ಅಂತ..."

"ಅದ್ಭುತ! ಆ ಒಣದ್ರಾಕ್ಷಿ ಇತ್ತಲ್ಲ, ಬಾಯಲ್ಲಿಟ್ರೆ ಕರಗ್ತಿತ್ತು."

"ನಾವು ಈ ಸಲ ದ್ರಾಕ್ಷಿ ಹಾಕಿರ್ಲಿಲ್ಲ ಆಪಾ."

ಗುಲ್‌ಚೆಹ್ರಾ ಒಂದು ಕ್ಷಣ ಸುಮ್ಮನಾದಳು. ಅದು ಬೀದಿಯ ಇತಿಹಾಸದಲ್ಲೇ ಅಪರೂಪದ ಕ್ಷಣ. ಆಮೇಲೆ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ. ನಿಮ್ಮನೆಗೆ ಕಳಿಸಿದ್ಮೇಲೆ ಉಳಿದ ಪಲಾವ್ ತಳ ಹತ್ತಿ ಇದ್ದಿಲಾಯ್ತು. ಬೇಕರಿ ಸತ್ವಾಲ್ದಿಗೆ ಏನಾದ್ರೂ ಕಳಿಸ್ಬೇಕಿತ್ತು. ನೀನಿಟ್ಟು ಹೋದ್ಯಲ್ಲ, ಮುಸುಕೂ ತೆಗೀದೆ, ಮೇಲೊಂದು ಬೇಹಿ ಹಣ್ಣು ಸಿಕ್ಕಿಸಿ ನನ್ನದೇ ಅಂತ ಕಳಿಸ್ಬಿಟ್ಟೆ."

ಅಷ್ಟರಲ್ಲಿ ನೋರ್ಮತ್‌ನ ಹೊಟ್ಟೆ ಮಾತನಾಡಿತು. ಬೆಳಗಿನಿಂದ ಹನ್ನೊಂದು ಮನೆಗೆ ಊಟ ಹೊತ್ತ ಆ ಮನುಷ್ಯನ ಹೊಟ್ಟೆಗೆ ಒಂದು ತುತ್ತೂ ಬಿದ್ದಿರಲಿಲ್ಲ. ಅದು ಹಳೆಯ ಕೀಲುಬಾಗಿಲಿನಂತೆ ದೀರ್ಘವಾಗಿ ಕಿರುಗುಟ್ಟಿತು. ಗುಲ್‌ಚೆಹ್ರಾಳ ಕಣ್ಣುಗಳು ತಟ್ಟನೆ ತೇವಗೊಂಡವು.

"ಅಯ್ಯೋ ತಮ್ಮಾ! ಮನೇಲಿ ಎಲ್ಲ ಮುಗಿದುಹೋಯ್ತಾ? ಸಂಜೆ ಬೀಗರು ಬೇರೆ ಬರ್ತಾರೆ!"

"ಇಲ್ಲ ಆಪಾ, ಇಲ್ಲ! ಬೇಕಾದಷ್ಟಿದೆ!"

"ಹೌದಪ್ಪ, ಹೌದು," ಎಂದು ಗುಲ್‌ಚೆಹ್ರಾ, ಸಾವಿನ ಮನೆಯಲ್ಲಿ ಆಡುವಷ್ಟು ಮೃದುವಾದ ದನಿಯಲ್ಲಿ ಹೇಳಿದಳು. "ಮರ್ಯಾದಸ್ಥರು ಹಾಗೇ ಹೇಳೋದು."

ಬೇಕರಿಗೆ ಇನ್ನೂರು ಹೆಜ್ಜೆ. ನೋರ್ಮತ್ ಓಡುನಡಿಗೆಯಲ್ಲೇ ಹೋದರೂ ಸುದ್ದಿ ಅವನಿಗಿಂತ ಮೊದಲೇ ತಲುಪಿ, ಕಾಲು ಚಾಚಿ ಕುಳಿತಿತ್ತು. ಸತ್ವಾಲ್ದಿ ಸೊಂಟದವರೆಗೆ ತಂದೂರಿನೊಳಗೆ ಇಳಿದು ರೊಟ್ಟಿ ಬಡಿಯುತ್ತಿದ್ದನು. ಹೊರಗೆ ಕಾಣುತ್ತಿದ್ದುದು ಅವನ ಕೆಳಾರ್ಧ ಮಾತ್ರ.

"ಯಾರದು?" ಎಂದಿತು ತಂದೂರು.

"ನಾನಣ್ಣ, ನೋರ್ಮತ್."

"ಓಹೋ, ಬಾರಯ್ಯ ಬಾ. ಪಾಪ."

ಆ 'ಪಾಪ' ನೋರ್ಮತ್‌ಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೂ ಅವನು ದಾರಿಯಲ್ಲಿ ಕಟ್ಟಿಕೊಂಡು ಬಂದ ಉಪಾಯವನ್ನು ಬಿಚ್ಚಿದನು. "ಸತ್ವಾಲ್ದಿ ಅಣ್ಣ, ಇವತ್ತು ನಿಮ್ಮನೆಗೊಂದು ನೀಲಿ ತಟ್ಟೆ ಬಂತಂತೆ. ನಮ್ಮ ಗಿರಣೀಲಿ ಅಂಥದೇ ನೀಲಿ ತರೋಕೆ ಎರಡು ತಿಂಗಳಿಂದ ಒದ್ದಾಡ್ತಿದೀವಿ. ಒಂದ್ಸಲ ಕೈಯಲ್ಲಿ ಹಿಡಿದು ನೋಡ್ಬೇಕಿತ್ತು. ಬಣ್ಣಕ್ಕೋಸ್ಕರ."

ಸತ್ವಾಲ್ದಿ ತಂದೂರಿನಿಂದ ಮೇಲೆದ್ದನು. ಬೆಂದ ಬೀಟ್‌ರೂಟಿನಂತಿದ್ದ ಅವನ ಮುಖದಲ್ಲಿ ಕರುಣೆ ಹರಿಯುತ್ತಿತ್ತು.

"ಬಣ್ಣ ನೋಡಿದ್ರೆ ಹೊಟ್ಟೆ ತುಂಬುತ್ತೇನಯ್ಯಾ?"

"ಹೊಟ್ಟೆಗಲ್ಲಣ್ಣ, ನೂಲಿಗೆ!"

"ನಮ್ಮಪ್ಪನಿಗೂ ಇದೇ ಸ್ವಾಭಿಮಾನ ಇತ್ತು," ಎಂದು ಸತ್ವಾಲ್ದಿ ನಿಟ್ಟುಸಿರಿಟ್ಟು, ಬಿಸಿ ರೊಟ್ಟಿಗಳನ್ನು ಅವನ ತೋಳಿನ ಮೇಲೆ ಸೌದೆ ಪೇರಿಸಿದಂತೆ ಪೇರಿಸತೊಡಗಿದನು. "ಆ ತಟ್ಟೇಲಿ ಆಗ್ಲೇ ಹತ್ತು ಮಾಂಸದ ಸಂಸಾ ಇಟ್ಟು ಖೈರಿನಿಸಾ ಅಜ್ಜಿಗೆ ಕೊಟ್ಟು ಬಂದೆ. ಬೀದಿಗೇ ಹಿರಿಯರಲ್ವಾ. ನಿಂಗೆ ಸಂಸಾ ಬೇಕಿತ್ತಾ? ಮೊದಲೇ ಹೇಳೋದಲ್ವಾ! ಇರು, ಇನ್ನೆರಡು ರೊಟ್ಟಿ ತಗೋ."

ಗಲ್ಲದವರೆಗೆ ರೊಟ್ಟಿ ಪೇರಿಸಿಕೊಂಡ ನೋರ್ಮತ್ ಬೀದಿಗಿಳಿದನು. ಅಲ್ಲಿ ಅವನೊಂದು ಭಯಂಕರ ದೃಶ್ಯ ಕಂಡನು. ಎಡಮನೆಯಿಂದ ಒಬ್ಬಾಕೆ ಮುಸುಕು ಹಾಕಿದ ತಟ್ಟೆ ಹಿಡಿದು ಹೊರಬಂದಳು, ಬಲಮನೆಯಿಂದ ಇನ್ನೊಬ್ಬಾಕೆ. ಹಿಂದೆ ಒಬ್ಬ ಮುದುಕ ಕರಬೂಜವನ್ನು ಮೊಮ್ಮಗುವಿನಂತೆ ತೋಳಲ್ಲೆತ್ತಿಕೊಂಡು ಬರುತ್ತಿದ್ದನು. ಎಲ್ಲರೂ ಅವನ ಮನೆಯ ಕಡೆಗೇ ಹೊರಟಿದ್ದರು. ಅವನನ್ನು ಕಂಡೊಡನೆ ಎಲ್ಲರೂ ಏನೂ ಗೊತ್ತಿಲ್ಲದವರಂತೆ ಆಕಾಶ ನೋಡಿದರು.

ಖೈರಿನಿಸಾ ಅಜ್ಜಿ ಬೀದಿಯ ಕೊನೆಯ ಮನೆಯಲ್ಲಿ, ಹಿಪ್ಪುನೇರಳೆ ಮರದಡಿಯ ಮಂಚದ ಮೇಲೆ ಕುಳಿತಿದ್ದಳು. ವಯಸ್ಸು ಎಂಬತ್ತಾರು, ಕಣ್ಣು ಮಂಜು, ನಾಲಿಗೆ ಚುರುಕು. ಸಂಸಾಗಳನ್ನು ಒಂದು ಬಟ್ಟೆಯ ಮೇಲೆ ಸುರಿದು, ಬರಿದಾದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನಿಂದ ಕೊಂಡಿಗಳನ್ನು ಒಂದೊಂದಾಗಿ ಸವರುತ್ತಿದ್ದಳು. ಏಳನೆಯದಕ್ಕೆ ಬಂದಾಗ ಬೆರಳು ನಿಂತಿತು.

"ಅಜ್ಜಿ, ನಾನು ನೋರ್ಮತ್."

"ಗೊತ್ತಾಯ್ತು, ರೊಟ್ಟಿ ವಾಸನೆ ಮುಂಚೆ ಬಂತು, ನೀನು ಆಮೇಲೆ ಬಂದೆ. ಈ ತಟ್ಟೆ ಯಾರದಪ್ಪ?"

ಕಟ್ಟಳೆ ಮುರಿಯದೆಯೇ ತನ್ನ ತಟ್ಟೆಯನ್ನು ಪಡೆಯಲು ದೇವರೇ ತೆರೆದ ಬಾಗಿಲಿದು ಎಂದು ನೋರ್ಮತ್‌ಗೆ ಅನ್ನಿಸಿತು. "ನಮ್ಮದೇ ಅಜ್ಜಿ! ನಮ್ಮಮ್ಮನ ಅಜ್ಜಿದು. ಕಾಶ್ಗರದಿಂದ ಬಂದದ್ದು. ಹನ್ನೆರಡು ಒಂಟೆ ಮೇಲೆ."

"ಹನ್ನೆರಡಾ?"

"ಹನ್ನೆರಡು. ಒಂದು ಒಂಟೆ ಏಳನೇ ಕೊಂಡೀನ ತುಳೀತು."

ಖೈರಿನಿಸಾಳ ಹೆಗಲುಗಳು ಅಲುಗತೊಡಗಿದವು. ಮುದುಕಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

"ಆಗ್ಲಿ," ಎಂದಳು ಕೊನೆಗೆ. "ಬರಿದಾಗಿ ಕೊಡೋಕೆ ನಾನೇನು ಜಿಪುಣಿಯಾ? ಒಂದಿಷ್ಟು ಹಲ್ವಾ ಕಾಸಿ, ಇದರಲ್ಲಿ ಹಾಕ್ಕೊಂಡು ನಾನೇ ತರ್ತೀನಿ. ನೀನು ಹೋಗು."

"ಅಜ್ಜಿ, ನಾಲ್ಕಕ್ಕೆ ಬೀಗರು ಬರ್ತಾರೆ..."

"ಅವರೂ ತಿನ್ಲಿ."

ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಈ ಅಜ್ಜಿ ಹಲ್ವಾ ಕಾಸಿ ಬೀದಿಯ ಈ ತುದಿಯಿಂದ ತನ್ನ ಮನೆ ಮುಟ್ಟುವ ಹೊತ್ತಿಗೆ, ಮಗಳ ಮದುವೆಯಿರಲಿ, ಮೊಮ್ಮಗುವಿನ ತೊಟ್ಟಿಲ ಶಾಸ್ತ್ರವೂ ಮುಗಿದಿರುತ್ತದೆಂದು ನೋರ್ಮತ್‌ಗೆ ತೋರಿತು. ಆದರೆ ಹಿರಿಯರ ಮಾತಿಗೆ ಎದುರಾಡುವಂತಿರಲಿಲ್ಲ. ರೊಟ್ಟಿ ಹೊತ್ತು ಮನೆಗೆ ಬಂದನು.

ಅಂಗಳದ ಮಂಚದ ಮೇಲೆ ಇಪ್ಪತ್ತಮೂರು ತಟ್ಟೆಗಳು ಸಾಲುಗಟ್ಟಿದ್ದವು. ಪಲಾವ್, ಸಂಸಾ, ಹುರಿದ ಕೋಳಿ, ಬೇಹಿ ಹಣ್ಣು, ಸಕ್ಕರೆ ಹರಳು, ಕರಬೂಜದ ಹೋಳು. ಬೆಳಗ್ಗೆ ಒಂದು ತಟ್ಟೆಗಾಗಿ ಬಾಯಿಬಿಟ್ಟಿದ್ದ ಮನೆಯಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ. ಜುಮ್ರದ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೀದೀಲಿ ಏನಂತ ಹೇಳ್ಕೊಂಡು ಬಂದ್ರಿ? ಬಂದವರೆಲ್ಲ ನನ್ನ ತಲೆ ಸವರಿ ಹೋಗ್ತಿದಾರೆ!"

ಅವನು ಉತ್ತರ ಹುಡುಕುತ್ತಿರುವಾಗಲೇ ಮಸ್ತೂರಾ ಬಸ್ಸಿಳಿದು ಬಂದಳು. ತಟ್ಟೆಗಳ ಸಾಲನ್ನು ನೋಡಿ ಬಾಗಿಲಲ್ಲೇ ಎದೆ ಹಿಡಿದುಕೊಂಡಳು.

"ಯಾರ್ ಹೋದ್ರೋ?"

"ಯಾರೂ ಹೋಗಿಲ್ಲಮ್ಮ. ಪ್ರೀತಿಯಿಂದ ಕಳಿಸಿದಾರೆ."

"ಈ ಬೀದಿಯವರಾ?" ಎಂದು ಆಕೆ ಸಂಶಯದಿಂದ ಮೂಸಿ ನೋಡುತ್ತಿದ್ದಾಗಲೇ ಹೊರಗೆ ಕಾರಿನ ಸದ್ದಾಯಿತು. ಕೊಕಂದದವರು ಹೇಳಿದ ಸಮಯಕ್ಕಿಂತ ಕಾಲು ಗಂಟೆ ಮೊದಲೇ ಬಂದಿದ್ದರು. ಮುಂದೆ ಬೀಗಿತಿ, ಆಕೆಯ ಕೈಯಲ್ಲಿ ಚಿನ್ನದ ಅಂಚಿನ, ಹಂಸದಂತೆ ಬೆಳ್ಳಗಿದ್ದ ದೊಡ್ಡ ಪಿಂಗಾಣಿ ತಟ್ಟೆ, ಅದರ ಮೇಲೆ ಗೋಪುರದಂತೆ ಪೇರಿಸಿದ ಸಿಹಿತಿನಿಸು.

ಅಪ್ಪುಗೆ, ಕುಶಲಪ್ರಶ್ನೆ, ಚಹಾ ಎಲ್ಲ ಮುಗಿಯುವವರೆಗೆ ನೋರ್ಮತ್ ಗೋಡೆಗೂಡಿಗೆ ಬೆನ್ನು ಕೊಟ್ಟು ಕಂಬದಂತೆ ನಿಂತಿದ್ದನು. ಕಡೆಗೆ ಬೀಗಿತಿಯೇ ಮಾತು ತೆಗೆದಳು.

"ದಾರಿ ಉದ್ದಕ್ಕೂ ನಮ್ಮೋರಿಗೆ ನಿಮ್ಮ ತಟ್ಟೆ ಮಾತೇ ಹೇಳ್ತಾ ಬಂದೆ ಅಮ್ಮಾ. ಸ್ವಲ್ಪ ತೋರಿಸ್ತೀರಾ?"

ಮಸ್ತೂರಾ ಗಂಟಲು ಸರಿಪಡಿಸಿಕೊಂಡಳು. ಒಂಟೆಗಳು ಕಾಶ್ಗರ ಬಿಟ್ಟವು, ಕಣಿವೆ ದಾಟಿದವು, ಹಿಮ ಸುರಿಯಿತು, ಬೀಗರ ಮುಂದೆ ಒಂಟೆಗಳ ಸಂಖ್ಯೆ ಹದಿನಾಲ್ಕಾಯಿತು. "ಸರಿಯೋ ನೋರ್ಮತ್," ಎಂದು ಮಗನನ್ನು ಪಕ್ಕಕ್ಕೆ ತಳ್ಳಿ ಆಕೆ ಪರದೆಯನ್ನು ಒಮ್ಮೆಲೇ ಸೆಳೆದಳು.

ಗೂಡು ಬರಿದಾಗಿತ್ತು. ಅದರ ಬಿಳಿಯ ಅಂಚಿನ ಮೇಲೆ ಒಂದು ನೀಲಿ ಹೆಬ್ಬೆಟ್ಟಿನ ಗುರುತು ಮಾತ್ರ ಇತ್ತು. ಇಡೀ ಕೋಣೆ ಆ ಗುರುತನ್ನು ನೋಡಿತು. ಆಮೇಲೆ ನೋರ್ಮತ್‌ನ ಹೆಬ್ಬೆಟ್ಟನ್ನು ನೋಡಿತು. ಅವನು ಅದನ್ನು ಮೆಲ್ಲನೆ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡನು.

"ತಟ್ಟೆ ಎಲ್ಲೋ?" ಎಂದಳು ಮಸ್ತೂರಾ.

"ಇಲ್ಲಿದೆ ಕಣೇ ಮಸ್ತೂರಾ!" ಎಂದಿತು ಬಾಗಿಲು.

ಖೈರಿನಿಸಾ ಅಜ್ಜಿ ಹೊಸ್ತಿಲಲ್ಲಿದ್ದಳು. ಕಿತ್ತಳೆ ಬಣ್ಣದ ಹಲ್ವಾ ತುಂಬಿದ ತಟ್ಟೆಯ ಒಂದು ಬದಿಯನ್ನು ಗುಲ್‌ಚೆಹ್ರಾ, ಇನ್ನೊಂದು ಬದಿಯನ್ನು ಸತ್ವಾಲ್ದಿ ಹಿಡಿದಿದ್ದರು. ನಡೆಯಲಾರದ ಅಜ್ಜಿಗೆ ದಾರಿಯಲ್ಲಿ ಸಹಾಯ ಸಿಕ್ಕಿತ್ತು. ನೋರ್ಮತ್‌ಗೆ ಹೋದ ಜೀವ ಬಂದಂತಾಯಿತು. "ನೋಡಮ್ಮ! ಬಂತಲ್ಲ ತಟ್ಟೆ! ಒಂದು ಚೂರೂ ಮುಕ್ಕಾಗಿಲ್ಲ!"

ಆದರೆ ತಾಯಿಯ ಮುಖ ನಾದಿಟ್ಟ ಹಿಟ್ಟಿನಂತೆ ಬಿಳಿಚಿಹೋಗಿತ್ತು.

"ಒಂಟೆಗಳನ್ನ ಎಲ್ಲಿ ಕಟ್ಟಿದೀಯೇ?" ಎಂದು ಖೈರಿನಿಸಾ ನಗುತ್ತ ಕೇಳಿದಳು. "ಹನ್ನೆರಡು ಅಂದ ನಿನ್ನ ಮಗ. ನಾನು ಈ ತಟ್ಟೇನ ಇಲ್ಲಿಗೆ ಕಳಿಸ್ದಾಗ ಒಂದು ಕತ್ತೇನೂ ಇರ್ಲಿಲ್ಲ."

ಸೂಜಿ ಬಿದ್ದರೂ ಕೇಳುವಷ್ಟು ಮೌನ. ಗುಲ್‌ಚೆಹ್ರಾಳ ಅಂಗಿಯಿಂದ ಒಂದು ಬಿದ್ದೂ ಬಿತ್ತು.

"ಈ ನೋರ್ಮತ್ ಹುಟ್ಟಿದ ವರ್ಷದ ಅರಫಾ," ಎಂದು ಅಜ್ಜಿ ಬೀಗರ ಕಡೆ ತಿರುಗಿದಳು. "ಬಾಣಂತಿ ಅಂತ ಇದೇ ತಟ್ಟೆ ತುಂಬ ಹಲ್ವಾ ಕಳಿಸಿದ್ದೆ. ಕೊಂಡಿ ಹಾಕಿದೋರು ನಮ್ಮ ಮನೆಯವರು. ಏಳನೇದು ಹಾಕೋವಾಗ ನಾನೇನೋ ಹೇಳಿ ನಗಿಸ್ದೆ, ಸುತ್ತಿಗೆ ಜಾರಿ ಸೊಟ್ಟ ಆಯ್ತು. ಆಮೇಲೆ ನಲವತ್ತೈದು ಅರಫಾ ಆಯ್ತು. ತಟ್ಟೆ ಬರಲೇ ಇಲ್ಲ. ಕೇಳೋಣ ಅಂದ್ರೆ, ಕೇಳೋಹಾಗಿಲ್ವಲ್ಲ!"

ಎಲ್ಲರೂ ಮಸ್ತೂರಾಳನ್ನು ನೋಡಿದರು. ಬೀಗರ ಮುಂದೆ, ಬೀದಿಯವರ ಮುಂದೆ, ತಪ್ಪಿಸಿಕೊಳ್ಳಲು ಒಂದು ಒಂಟೆಯೂ ಇಲ್ಲದೆ ಆಕೆ ನೆಲಕ್ಕೆ ಕುಸಿದು ಕುಳಿತಳು.

"ಏನು ಹಾಕಿ ಕೊಡ್ಲಿ ಖೈರಿ ಆಪಾ? ಅವತ್ತು ಮನೇಲಿ ಹಿಡಿ ಅಕ್ಕಿ ಇರ್ಲಿಲ್ಲ. ಮುಂದಿನ ವಾರ ಕೊಡೋಣ ಅಂದ್ಕೊಂಡೆ. ತಡ ಆಯ್ತಲ್ಲ, ಬರೀ ರೊಟ್ಟಿ ಇಟ್ಟು ಹೇಗೆ ಕೊಡೋದು, ಪಲಾವ್ ಮಾಡೋಣ ಅಂದ್ಕೊಂಡೆ. ವರ್ಷ ಆಯ್ತು. ವರ್ಷ ಆದ್ಮೇಲೆ ಪಲಾವ್ ಸಾಕಾಗುತ್ತಾ, ಒಂದು ಕುರಿ ತೊಡೆ ಆದ್ರೂ ಬೇಡ್ವಾ? ಹತ್ತು ವರ್ಷ ಆದ್ಮೇಲೆ ಏನಿಟ್ರೂ ಕಡಿಮೇನೇ ಅನ್ನಿಸ್ತು. ಗೋಡೆಗೂಡಲ್ಲಿಟ್ಟೆ. ಯಾರೋ ಕೇಳಿದ್ರು, ಬಾಯಿಗೆ ಒಂಟೆ ಬಂತು."

ಮೊದಲು ನಕ್ಕವಳು ಬೀಗಿತಿ. ಆಕೆ ಎಷ್ಟು ನಕ್ಕಳೆಂದರೆ ಚಹಾದ ಬಟ್ಟಲು ಕೈಯಿಂದ ಜಾರಿತು. "ಅಮ್ಮಾ, ನಮ್ಮನೇಲೂ ಅಂಥ ತಟ್ಟೆ ಎರಡಿವೆ! ಯಾರಿಗೂ ಹೇಳ್ಬೇಡಿ!" ಎಂದಳು ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಇಡೀ ಕೋಣೆ ನಕ್ಕಿತು. ಒಳಗಿನ ಕೋಣೆಯಲ್ಲಿ ನಾಚಿ ಕುಳಿತಿದ್ದ ಮದುಮಗಳ ನಗುವೂ ಕೇಳಿಸಿತು.

ಹಲ್ವಾ ಹಂಚಿ, ಎಲ್ಲರೂ ಅಂಗಳಕ್ಕೆ ಬಂದ ಮೇಲೆ ಖೈರಿನಿಸಾ ಬರಿದಾದ ತಟ್ಟೆಯನ್ನು ಮುಂದೆ ಚಾಚಿದಳು. "ಈಗ ತುಂಬಿಸಿ ಕೊಡು."

ಮಸ್ತೂರಾ ಮಂಚದ ಮೇಲಿನ ಹುರಿದ ಕೋಳಿಗೆ ಕೈ ಹಾಕಿದಳು. "ಅದು ಮೂರನೇ ಮನೆಯವರದು," ಎಂದಳು ಅಜ್ಜಿ, ವಾಸನೆಯಲ್ಲೇ ಹಿಡಿದು. ಬೇಹಿ ಹಣ್ಣು ಎತ್ತಿದಳು. "ಅದು ಗುಲ್‌ಚೆಹ್ರಾದು. ನಿಮ್ಮನೇದು ಯಾವುದೇ ಇದರಲ್ಲಿ?" ಕೊನೆಗೆ ಜುಮ್ರದ್ ಹಂಡೆಯ ತಳ ಕೆರೆದು, ಹಿಡಿಯಷ್ಟು ಸೀದ ಪಲಾವನ್ನು ತಂದು ತಟ್ಟೆಯ ನಡುವಿನ ದಾಳಿಂಬೆಯ ಮೇಲೆ ಹಾಕಿದಳು. ಖೈರಿನಿಸಾ ಅದನ್ನು ಅಲ್ಲೇ ಬೆರಳಿನಿಂದೆತ್ತಿ ತಿಂದಳು.

"ಅವತ್ತೂ ಇಷ್ಟೇ ಸಾಕಾಗಿತ್ತು ಕಣೇ ಹುಚ್ಚಿ," ಎಂದು ಮಸ್ತೂರಾಳ ಕೆನ್ನೆ ಹಿಂಡಿ, ತಟ್ಟೆಯನ್ನು ಕಂಕುಳಲ್ಲಿರಿಸಿಕೊಂಡು ಹೊರಟಳು.

ಬೀಗರ ಕಾರು ತಿರುವಿನಲ್ಲಿ ಮರೆಯಾಯಿತು. ಸಂಬಂಧ ಮೊದಲಿಗಿಂತ ಗಟ್ಟಿಯಾಗಿತ್ತು. ಪೆಟ್ಟು ಬೀಳಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ನೋರ್ಮತ್ ಮಂಚದ ಅಂಚಿಗೆ ಕುಳಿತು, ದಿನದ ಮೊದಲ ತುತ್ತನ್ನು ಬಾಯಿಗೆ ಒಯ್ದನು.

"ನಿಧಾನವಾಗಿ ತಿನ್ನಿ," ಎಂದಳು ಜುಮ್ರದ್. "ಆಮೇಲೆ ಒಲೆ ಹಚ್ಚಿ, ಗಜ್ಜರಿ ಹೆಚ್ಚಿ. ಇಪ್ಪತ್ತಮೂರು ತಟ್ಟೆ. ನಾಳೆ ಒಂದನ್ನೂ ಬರಿದಾಗಿ ಕಳಿಸೋಹಾಗಿಲ್ಲ."

"ಬಂದದ್ದನ್ನೇ ಅದಲು ಬದಲು ಮಾಡಿ ಕಳಿಸೋಣ ಕಣೇ."

"ಕಳಿಸಿ. ಗುಲ್‌ಚೆಹ್ರಾ ಆಪಾ ಬೇಹಿ ಹಣ್ಣು ಸುತ್ತಿ ಬಳಸಿ ಗುಲ್‌ಚೆಹ್ರಾ ಆಪಾ ಕೈಗೇ ಬೀಳ್ಲಿ, ಆಗ ನೋಡಿ."

ನೋರ್ಮತ್ ಎರಡನೆಯ ತುತ್ತನ್ನು ತಟ್ಟೆಗೇ ಹಾಕಿದನು. ಅವನು ಎದ್ದು ಚಾಕು ಹುಡುಕುತ್ತ ಒಳಗೆ ಹೋದನು. ಅತಿಥಿಗಳ ಕೋಣೆಯಲ್ಲಿ ತಾಯಿ ಸ್ಟೂಲಿನ ಮೇಲೆ ಹತ್ತಿ, ಅವನಿಗೆ ಬೆನ್ನು ಮಾಡಿ ನಿಂತಿದ್ದಳು. ತಲೆವಸ್ತ್ರದ ತುದಿಯಿಂದ ಏನನ್ನೋ ಒರೆಸಿ ಗೋಡೆಗೂಡಿನಲ್ಲಿಡುತ್ತಿದ್ದಳು. ಚಿನ್ನದ ಅಂಚು ಮಿನುಗಿತು.

"ಅಮ್ಮಾ! ಅದು ಬೀಗರ ತಟ್ಟೆ!"

"ನಂಗೆ ಗೊತ್ತಿಲ್ವೇನೋ? ಬೀಗರ ತಟ್ಟೆ ಅಂದ್ರೆ ಸಾಮಾನ್ಯಾನಾ? ಬರೀ ಪಲಾವ್ ಹಾಕಿ ಕಳಿಸೋಕಾಗುತ್ತಾ? ಒಂದು ಇಡೀ ಕುರಿ ಆದ್ರೂ ಬೇಕು. ಈ ವರ್ಷ ಮದುವೆ ಗಲಾಟೆ. ಮುಂದಿನ ವರ್ಷ ನೋಡೋಣ."

ಮಸ್ತೂರಾ ತಟ್ಟೆಯನ್ನು ಸ್ವಲ್ಪ ಎಡಕ್ಕೆ ಸರಿಸಿದಳು, ಸ್ವಲ್ಪ ಬಲಕ್ಕೆ ಸರಿಸಿದಳು, ತೃಪ್ತಿಯಿಂದ ಪರದೆ ಎಳೆದಳು. ಸ್ಟೂಲಿನಿಂದ ಇಳಿಯುವಾಗ ಮಗನ ನೀಲಿ ಕೈಯನ್ನು ಆಸರೆಗೆ ಹಿಡಿದು, ಒಂದು ಕ್ಷಣ ಯೋಚಿಸಿ ಹೇಳಿದಳು:

"ಯಾರಾದ್ರೂ ಕೇಳಿದ್ರೆ, ಈ ಸಲ ಒಂಟೆ ಬೇಡ ಕಣೋ. ಹಡಗಲ್ಲಿ ಬಂತು ಅನ್ನೋಣ."